ಮೂರು ಗಿಟಾರ್, ಮೂರು ಥರದ ತಂತಿ: ಮನೆಯಲ್ಲೇ ಬದಲಾಯಿಸಿದ ನನ್ನ ಅನುಭವ

ನಮ್ಮ ಮನೆಯಲ್ಲಿ ಈಗ ಮೂರು ಗಿಟಾರ್ ಇವೆ. ನನ್ನದೊಂದು ಹಳೇ ಅಕೌಸ್ಟಿಕ್, ಯಮಹಾ ಎಫ್ 310. ಮಗಳು ಕ್ಲಾಸಿಗೆ ಒಯ್ಯುವ ನೈಲಾನ್ ತಂತಿಯ ಕ್ಲಾಸಿಕಲ್ ಇನ್ನೊಂದು. ಮೂರನೆಯದು ಅಕ್ಕನ ಮಗನ ಎಲೆಕ್ಟ್ರಿಕ್. ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ "ಮಾವ, ಸ್ವಲ್ಪ ದಿನ ಇಟ್ಕೊಳ್ಳಿ" ಅಂತ ಬಿಟ್ಟು ಹೋದ, ಎರಡು ವರ್ಷ ಆಯ್ತು. ನಾವಿರುವುದು ಉಡುಪಿ ಕಡೆ. ಉಪ್ಪುಗಾಳಿ, ಬೆವರು, ಮಳೆಗಾಲದಲ್ಲಿ ಗೋಡೆಗೂ ಬೂಷ್ಟು. ಹೊಸ ಸ್ಟೀಲ್ ತಂತಿ ಹಾಕಿ ಎರಡು ತಿಂಗಳಾಗುವಷ್ಟರಲ್ಲಿ ಬೆರಳಿಗೆ ಒರಟು ಹತ್ತುತ್ತದೆ, ನುಡಿಸಿ ಬೆರಳು ನೋಡಿದರೆ ಕಪ್ಪು. ಪ್ರತಿ ಸಲ ಅಂಗಡಿಗೆ ಹೊತ್ತುಕೊಂಡು ಹೋಗುವುದು ಬೇಜಾರಾಗಿ ನಾನೇ ಕಲಿತೆ.

ಕಲಿತದ್ದು ಅಂದರೆ, ಮೊದಲು ಒಂದು ಗಿಟಾರ್ ಹಾಳು ಮಾಡಿ. ಕಾಲೇಜಿನಲ್ಲಿದ್ದಾಗ ಯಾರೋ ಕೊಟ್ಟ ಕ್ಲಾಸಿಕಲ್ ಗಿಟಾರ್ ಇತ್ತು, ಸದ್ದು ಸಾಲದು ಅನ್ನಿಸಿ ಅದಕ್ಕೆ ಸ್ಟೀಲ್ ತಂತಿ ಹಾಕಿದೆ. ಸದ್ದೇನೋ ಜೋರಾಯ್ತು. ಎರಡು ವಾರ ಕಳೆದು ಏಪ್ರಿಲ್‌ನ ಒಂದು ರಾತ್ರಿ ಮೂಲೆಯಿಂದ 'ಟಪ್' ಅಂತ ಸದ್ದು. ಎದ್ದು ನೋಡಿದರೆ ಬ್ರಿಡ್ಜ್ (ತಂತಿಗಳ ಬುಡವನ್ನು ಹಿಡಿದಿಡುವ ಪಟ್ಟಿ) ಪೂರ್ತಿ ಕಿತ್ತು ಬಂದು ತಂತಿಗೆ ನೇತಾಡುತ್ತಿದೆ. ಒಂದು ಸೆಟ್ ನೈಲಾನ್ ತಂತಿ ಗಿಟಾರನ್ನು ಎಳೆಯುವುದು ಹೆಚ್ಚುಕಡಿಮೆ 40 ಕಿಲೋ ಭಾರದಷ್ಟು, 12ರ (ಇದು ತಂತಿಯ ದಪ್ಪದ ಲೆಕ್ಕ, ಮುಂದೆ ಹೇಳುತ್ತೇನೆ) ಸ್ಟೀಲ್ ಸೆಟ್ ಎಳೆಯುವುದು 70 ಕಿಲೋ ಮೇಲೆ. ಕ್ಲಾಸಿಕಲ್‌ನ ಮೇಲುಹಲಗೆ ತೆಳು, ಒಳಗಿನ ಪಟ್ಟಿಗಳೂ ಹಗುರ, ಎಷ್ಟೋ ಗಿಟಾರ್‌ಗಳ ಕುತ್ತಿಗೆಯೊಳಗೆ ಕಬ್ಬಿಣದ ಸರಳೂ ಇರುವುದಿಲ್ಲ. ಈ ಲೆಕ್ಕ ನನಗೆ ಆಮೇಲೆ ಗೊತ್ತಾಯ್ತು. ಅದಕ್ಕೇ ತಂತಿ ಕೊಳ್ಳುವ ಮೊದಲು ಬ್ರಿಡ್ಜ್ ನೋಡಿ ಅನ್ನುತ್ತೇನೆ. ತಂತಿಯನ್ನು ತೂತಿನಲ್ಲಿ ಹಿಡಿದಿಡುವ ಆರು ಪಿನ್ ಇದ್ದರೆ ಸ್ಟೀಲ್, ಗಂಟು ಹಾಕುವ ತೂತುಗಳಿದ್ದರೆ ನೈಲಾನ್.

ಈಗ ಅಕೌಸ್ಟಿಕ್. ಪ್ಯಾಕೆಟ್ ಮೇಲೆ 12 ಅಂತ ಇದ್ದರೆ ಒಂದನೇ ತಂತಿಯ (ಎಲ್ಲಕ್ಕಿಂತ ತೆಳುವಾದದ್ದು) ದಪ್ಪ 0.012 ಇಂಚು, ಅಂದರೆ ಸುಮಾರು 0.30 ಮಿಲಿಮೀಟರ್. ನಾನು 11ರದ್ದು ಹಾಕುತ್ತೇನೆ, ಬೆರಳಿಗೆ ಅದೇ ಸರಿ. ಹಳೇ ತಂತಿಯನ್ನು ಬಿಗಿ ಇರುವಾಗಲೇ ಕತ್ತರಿಸಬೇಡಿ, ಮುಖಕ್ಕೆ ಚಾಟಿಯ ಹಾಗೆ ಬರುತ್ತದೆ. ಪೂರ್ತಿ ಸಡಿಲ ಮಾಡಿ, ಆಮೇಲೆ ಕಟಿಂಗ್ ಪ್ಲೈಯರ್ ತಗೊಳ್ಳಿ.

ಪಿನ್ ಕೀಳುವುದೇ ದೊಡ್ಡ ರಗಳೆ. ನಮ್ಮ ಹವೆಗೆ ಅದು ಕಚ್ಚಿಕೊಂಡು ಕೂತಿರುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆದು ಒಂದು ಪಿನ್ನಿನ ತಲೆ ಮುರಿದಿದ್ದೇನೆ. ಈಗ ಸೌಂಡ್ ಹೋಲ್ (ಮೇಲುಹಲಗೆಯ ದೊಡ್ಡ ತೂತು) ಒಳಗೆ ಕೈ ಹಾಕಿ ಒಂದು ಐದು ರೂಪಾಯಿ ನಾಣ್ಯದಿಂದ ಪಿನ್ನಿನ ಬುಡವನ್ನು ಮೇಲಕ್ಕೆ ಒತ್ತುತ್ತೇನೆ, ಸುಮ್ನೆ ಎದ್ದು ಬರುತ್ತದೆ.

ಹೊಸ ತಂತಿಯ ತುದಿಯಲ್ಲಿ ಒಂದು ಸಣ್ಣ ಹಿತ್ತಾಳೆ ಉಂಡೆ ಇರುತ್ತದಲ್ಲ, ಅದನ್ನು ತೂತಿಗೆ ಇಳಿಸುವ ಮೊದಲು ತಂತಿಯ ಆ ತುದಿಯನ್ನು ಸ್ವಲ್ಪ ಬಗ್ಗಿಸಿ. ಪಿನ್ನಿನ ಮೈಯಲ್ಲಿರುವ ಗೀರು ಸೌಂಡ್ ಹೋಲ್ ಕಡೆ ತಿರುಗಿರಲಿ. ಪಿನ್ ಮೇಲೆ ಹೆಬ್ಬೆರಳಿಟ್ಟು ಒಂದು ಕೈಯಲ್ಲಿ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಒಳಗೆ ಉಂಡೆ ಮರಕ್ಕೆ ತಾಗಿ 'ಟಕ್' ಅಂತ ನಿಲ್ಲುವುದು ಕೈಗೇ ಗೊತ್ತಾಗುತ್ತದೆ. ಅದು ಗೊತ್ತಾಗದಿದ್ದರೆ ಉಂಡೆ ಪಿನ್ನಿನ ಚೂಪು ತುದಿಯಲ್ಲೇ ಕೂತಿದೆ ಅಂತ ಅರ್ಥ. ಹಾಗೇ ಬಿಗಿ ಮಾಡಿದರೆ ಪಿನ್ ಗುಂಡಿನ ಹಾಗೆ ಹಾರುತ್ತದೆ. ನಮ್ಮ ಮನೆಯಲ್ಲಿ ಒಂದು ಪಿನ್ ಹಾರಿ ಸೋಫಾ ಹಿಂದೆ ಹೋದದ್ದು ಸಿಕ್ಕಿದ್ದು ದೀಪಾವಳಿಗೆ ಮನೆ ಗುಡಿಸುವಾಗ.

ತಲೆಯ ಕಡೆ ಕೀಗೆ (ವೀಣೆಯವರು ಬಿರಡೆ ಅಂತಾರಲ್ಲ, ಅದೇ ಕೆಲಸ) ಎಷ್ಟು ಸುತ್ತು ಅಂತ ಎಲ್ಲರೂ ಕೇಳುತ್ತಾರೆ. ದಪ್ಪ ತಂತಿಗೆ ಎರಡು, ತೆಳುವಿಗೆ ನಾಲ್ಕು ಸಾಕು. ತಂತಿಯನ್ನು ಪೂರ್ತಿ ಎಳೆದು, ಎರಡು ಇಂಚಿನಷ್ಟು ವಾಪಸ್ ಬಿಟ್ಟು ಸುತ್ತಲು ಶುರು ಮಾಡುತ್ತೇನೆ. ಸುತ್ತು ಒಂದರ ಕೆಳಗೊಂದು ಬರಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ಶ್ರುತಿ ನಿಲ್ಲುವುದಿಲ್ಲ.

ಶ್ರುತಿ ಮಾಡುವಾಗ ಮೊಬೈಲ್ ಆ್ಯಪ್ ನೋಡ್ತೀರಿ ಅಲ್ವಾ, ಅಲ್ಲೊಂದು ಮೋಸ ಇದೆ. ಕೆಲವು ಆ್ಯಪ್ ಬರೀ 'ಇ' (ಪಾಶ್ಚಾತ್ಯ ಸ್ವರದ ಹೆಸರು) ಅಂತ ತೋರಿಸುತ್ತವೆ, ಯಾವ ಸ್ಥಾಯಿಯ 'ಇ' ಅಂತ ಹೇಳುವುದಿಲ್ಲ. ಆರನೇ ತಂತಿ 82 ಹರ್ಟ್ಸ್, ಒಂದನೆಯದು 330, ಎರಡೂ 'ಇ'ಗಳೇ. ಮಗಳು ಒಂದು ಸಲ ಒಂದನೇ ತಂತಿಯ 'ಇ' ದಾಟಿ ಹೋದದ್ದು ಗೊತ್ತಾಗದೆ, ಮುಂದಿನ 'ಇ' ಬರುತ್ತದೆ ಅಂತ ಕೀ ತಿರುಗಿಸುತ್ತಲೇ ಇದ್ದಳು. ತಂತಿ ತುಂಡಾಯ್ತು, ಪುಣ್ಯಕ್ಕೆ ಕಣ್ಣಿಗೆ ಬಡಿಯಲಿಲ್ಲ. ಹತ್ತಿರ ಬಂತು ಅನ್ನಿಸಿದಾಗ ಪಕ್ಕದ ತಂತಿಯ ಐದನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಕಿವಿಯಲ್ಲೂ ಒಮ್ಮೆ ನೋಡಿಕೊಳ್ಳಿ. ಎರಡನೇ ತಂತಿಯಿಂದ ಒಂದನೆಯದಕ್ಕೆ ಇದು ಸರಿಹೋಗುತ್ತದೆ.

ನೈಲಾನ್ ಕಥೆ ಬೇರೆ. ಉಂಡೆ ಇರುವುದಿಲ್ಲ, ಗಂಟೇ ಎಲ್ಲ. ಎರಡನೇ ಮಹಾಯುದ್ಧದ ತನಕ ಈ ಗಿಟಾರ್‌ಗೆ ಪ್ರಾಣಿಗಳ ಕರುಳಿನ ತಂತಿ ಹಾಕುತ್ತಿದ್ದರಂತೆ. 1940ರ ದಶಕದಲ್ಲಿ ನ್ಯೂಯಾರ್ಕ್‌ನ ಆಲ್ಬರ್ಟ್ ಅಗಸ್ಟೀನ್ ನೈಲಾನ್ ತಂತಿ ಮಾಡಿದ ಮೇಲೆ ಎಲ್ಲರೂ ಇದಕ್ಕೆ ಬಂದರು. ಜಾರುವ ಸ್ವಭಾವ ಮಾತ್ರ ನೈಲಾನಿನದು. ತಂತಿಯನ್ನು ಬ್ರಿಡ್ಜ್‌ನ ತೂತಿಗೆ ತೂರಿಸಿ ಹಿಂದೆ ನಾಲ್ಕು ಬೆರಳಿನಷ್ಟು ಎಳೆಯಿರಿ. ಆ ಬಾಲವನ್ನು ಮರದ ಕಟ್ಟೆಯ ಮೇಲಿಂದ ಮುಂದಕ್ಕೆ ತಂದು, ತಂತಿಯ ಅಡಿಯಿಂದ ದಾಟಿಸಿ, ಕಟ್ಟೆಯ ಮೇಲೆ ಆದ ಕುಣಿಕೆಯ ಕೆಳಗೆ ಸಿಕ್ಕಿಸಿ. ದಪ್ಪ ತಂತಿಗೆ ಒಂದು ಸಲ, ತೆಳುವಿಗೆ ಎರಡು ಸಲ, ಒಂದನೇ ತಂತಿಗೆ ನಾನು ಮೂರು ಸಲ ಸಿಕ್ಕಿಸುತ್ತೇನೆ. ಕೊನೆಯ ಸಿಕ್ಕು ಕಟ್ಟೆಯ ಹಿಂದಿನ ಅಂಚು ದಾಟಿ ಬೀಳಬೇಕು, ಆಗಲೇ ತಂತಿ ಬಾಲವನ್ನು ಮರಕ್ಕೆ ಅದುಮಿ ಹಿಡಿಯುವುದು. ನಾನು ಮೊದಲ ಸಲ ಅದನ್ನು ಕಟ್ಟೆಯ ಮೇಲೇ ಬಿಟ್ಟಿದ್ದೆ. ಒಂದನೇ ತಂತಿ ಜಾರಿ ಹಲಗೆಗೆ ಬಡಿಯಿತು, ಮಗಳ ಗಿಟಾರ್‌ನಲ್ಲಿ ಬ್ರಿಡ್ಜ್ ಹಿಂದೆ ಎಳ್ಳಿನಷ್ಟು ದೊಡ್ಡ ಗುಳಿ ಈಗಲೂ ಇದೆ. ಈಗ ಬಾಲದ ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು ಒಂದು ಸಣ್ಣ ಮಣಿ ಮಾಡಿಕೊಳ್ಳುತ್ತೇನೆ, ಜಾರಿದರೂ ಅಲ್ಲಿ ತಡೆಯುತ್ತದೆ. ಮಣಿ ಮಾಡುವುದು ಗಿಟಾರ್‌ನಿಂದ ದೂರ ಕೂತು, ತಂತಿ ಕಟ್ಟುವುದಕ್ಕೆ ಮೊದಲೇ.

ಎಲೆಕ್ಟ್ರಿಕ್ ಸುಲಭ ಅಂದುಕೊಂಡಿದ್ದೆ. ಹಿಂದಿನಿಂದ ತೂರಿಸಿ ಎಳೆಯುವ ಮಾಮೂಲಿ ಬ್ರಿಡ್ಜ್ ಆದರೆ ನಿಜಕ್ಕೂ ಸುಲಭ, ಹೇಳುವಂಥದ್ದೇನಿಲ್ಲ. ಆದರೆ ಅಳಿಯನದು ಫ್ಲಾಯ್ಡ್ ರೋಸ್ ಥರದ್ದು (ತಂತಿಗಳನ್ನು ಎರಡೂ ತುದಿಯಲ್ಲಿ ಲಾಕ್ ಮಾಡುವ ವಿನ್ಯಾಸ), ಬ್ರಿಡ್ಜ್ ತೇಲುತ್ತಿರುತ್ತದೆ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ, ಎರಡೂ ಸಮ ಇದ್ದರೆ ಬ್ರಿಡ್ಜ್ ನೆಟ್ಟಗೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಆರೂ ತಂತಿ ಒಟ್ಟಿಗೆ ಬಿಚ್ಚಿದೆ. ಬ್ರಿಡ್ಜ್ ಒಳಕ್ಕೆ ಮುಗ್ಗರಿಸಿತು. ಹೊಸದು ಹಾಕಿ ಒಂದನ್ನು ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ, ಅವನ್ನು ಸರಿಮಾಡಿದರೆ ಇದು ಇಳಿಯುತ್ತದೆ. ರಾತ್ರಿ ಹನ್ನೊಂದೂವರೆಗೆ ಅಳಿಯನಿಗೆ ಫೋನ್ ಮಾಡಿದೆ.

"ಮಾವ, ಎಲ್ಲಾ ಬಿಚ್ಚಿದ್ರಾ? ಒಂದೊಂದೇ ಬದಲಾಯಿಸ್ಬೇಕಿತ್ತು!"

"ಮೊದ್ಲೇ ಹೇಳ್ಬಾರ್ದಿತ್ತೇನೋ?"

"ನೀವು ಕೇಳಿದ್ರಾ?"

ಅವನ ಮಾತಿನಂತೆ ಬ್ರಿಡ್ಜ್ ಅಡಿಗೆ ಮಡಿಸಿದ ಬಟ್ಟೆ ತುರುಕಿ ನೆಟ್ಟಗೆ ನಿಲ್ಲಿಸಿ, ಎಲ್ಲ ತಂತಿ ಶ್ರುತಿಗೆ ತಂದು, ಬಟ್ಟೆ ಎಳೆದೆ. ಆಮೇಲೂ ಬ್ರಿಡ್ಜ್ ಮೇಲೆದ್ದಿತು, ಯಾಕೆಂದರೆ 9ರ ಸೆಟ್ ಇದ್ದಲ್ಲಿ ನಾನು 10ರದ್ದು ಹಾಕಿದ್ದೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಕಾಲು ಸುತ್ತು, ಕಾಲು ಸುತ್ತು ಅಂತ ಬಿಗಿ ಮಾಡುತ್ತಾ ಹೋದೆ, ಪ್ರತಿ ಸಲ ಮತ್ತೆ ಶ್ರುತಿ. ಮುಗಿಯುವಾಗ ಒಂದೂವರೆ ಗಂಟೆ. ಈ ಥರದ ಬ್ರಿಡ್ಜ್‌ಗೆ ತಂತಿಯ ಉಂಡೆಯನ್ನೇ ಕತ್ತರಿಸಿ ಹಾಕಬೇಕು, ತಲೆಯ ಕಡೆಯ ಲಾಕ್ ಬಿಗಿ ಮಾಡುವ ಮೊದಲು ಫೈನ್ ಟ್ಯೂನರ್‌ಗಳು (ಶ್ರುತಿಯನ್ನು ಸ್ವಲ್ಪ ಸ್ವಲ್ಪ ಸರಿಮಾಡಲು ಬ್ರಿಡ್ಜ್ ಮೇಲಿರುವ ಸಣ್ಣ ತಿರುಪುಗಳು) ನಡುವಿನಲ್ಲಿರಬೇಕು. ಇವನ್ನೂ ಅವನೇ ಹೇಳಿದ್ದು, ಆಕಳಿಸುತ್ತಾ.

ಕತ್ತರಿಸಿದ ತುಂಡುಗಳನ್ನು ಹಾಗೇ ಕಸಕ್ಕೆ ಹಾಕಬೇಡಿ, ಸೂಜಿಯ ಹಾಗಿರುತ್ತವೆ. ಹೊಸ ತಂತಿ ಬಂದ ಕವರಿನಲ್ಲೇ ಸುತ್ತಿ ಟೇಪ್ ಹಚ್ಚಿ ಬಿಸಾಡಿ. ಮಗಳ ಗಿಟಾರ್‌ಗೆ ಭಾನುವಾರ ಹೊಸ ನೈಲಾನ್ ಹಾಕಿದೆ. ಇವತ್ತು ಬುಧವಾರ, ಮೂರನೇ ತಂತಿ ಇನ್ನೂ ಇಳಿಯುತ್ತಲೇ ಇದೆ. ಕ್ಲಾಸ್ ಇರುವುದು ಶನಿವಾರ, ಅಷ್ಟರಲ್ಲಿ ನಿಲ್ಲುತ್ತದೆ.