ಬಂಗಾಳಿ ಬಾರದ ಮನೆಯವರಿಗೆ ‘ಸಬಾರ್ ಉಪರೆ’ ತೋರಿಸುವುದು ಹೇಗೆ

ಆಷಾಢದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಆರೂವರೆಗೇ ದೀಪ ಹಾಕಬೇಕು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲೂ ಮಳೆ ಬಿಡುವುದಿಲ್ಲ. ಹೋದ ವರ್ಷ ಅಂಥದೊಂದು ಸಂಜೆ ನಮ್ಮ ಜಗಲಿಯಲ್ಲಿ ಹನ್ನೊಂದು ಜನರಿಗೆ ಈ ಬಂಗಾಳಿ ಸಿನಿಮಾ ತೋರಿಸಿದೆ. ಒಬ್ಬರಿಗೂ ಆ ಭಾಷೆ ಬರುವುದಿಲ್ಲ, ಆದರೂ ಕೊನೆವರೆಗೆ ಯಾರೂ ಏಳಲಿಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಹೊರಗಿನ ಸಿನಿಮಾ ತೋರಿಸಿದ ಸೀಮೆ ನಮ್ಮದು, ಹೆದರಬೇಡಿ.

ಮೊದಲು ಕರೆಂಟು. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಮಧ್ಯಾಹ್ನವೇ ಪೂರ್ತಿ ಚಾರ್ಜ್ ಮಾಡಿಡಿ. ಶೀಟಿನ ಮಾಡಿನ ಕೆಳಗೆ ಕೂರಬೇಡಿ, ಮಳೆ ಸದ್ದಿಗೆ ಮಾತೇ ಕೇಳುವುದಿಲ್ಲ. ಹಲಸಿನ ಹಪ್ಪಳ ಮೊದಲೇ ಕರಿದಿಡಿ.

ಶುರು ಮಾಡುವ ಮುಂಚೆ ಕಥೆಯ ಗಂಟು ಮಾತ್ರ ಹೇಳಿ. ಅಪ್ಪ ಸತ್ತಿದ್ದಾನೆ ಅಂತಲೇ ನಂಬಿ ಬೆಳೆದ ಮಗನಿಗೆ, ಅಪ್ಪ ಕೊಲೆ ಕೇಸಿನಲ್ಲಿ ಜೈಲಿನಲ್ಲಿರುವುದು ಗೊತ್ತಾಗುತ್ತದೆ. ಅವನು ಕೃಷ್ಣನಗರಕ್ಕೆ ಹೋಗಿ ಹಳೆ ಸಾಕ್ಷಿಗಳನ್ನು ಹುಡುಕುತ್ತಾನೆ. ಮಗ ಉತ್ತಮ್ ಕುಮಾರ್, ಜೊತೆಗೆ ಸುಚಿತ್ರಾ ಸೇನ್, ಅಪ್ಪ ಛಬಿ ಬಿಸ್ವಾಸ್. ನಿರ್ದೇಶನ ‘ಅಗ್ರದೂತ್’, ಇದು ಒಬ್ಬರ ಹೆಸರಲ್ಲ, ಒಂದು ತಂಡದ ಹೆಸರು. ಎ. ಜೆ. ಕ್ರೋನಿನ್ ಅವರ ಇಂಗ್ಲಿಷ್ ಕಾದಂಬರಿಯಿಂದ ಬಂದ ಕಥೆ. ಇಷ್ಟು ಸಾಕು.

ಆಮೇಲೆ ಏಳೆಂಟು ಪದ ಕಲಿಸಿ. ಸುಮ್ನೆ ಸಬ್‌ಟೈಟಲ್ ಓದಿ ಹೇಳುತ್ತಾ ಹೋದರೆ ಎಲ್ಲರ ಕಣ್ಣೂ ನಿಮ್ಮ ಕಡೆಗೇ ಇರುತ್ತದೆ, ಪರದೆ ಕಡೆ ಅಲ್ಲ. ನಮ್ಮ ‘ವ’ ಅವರ ಬಾಯಲ್ಲಿ ‘ಬ’ ಆಗುತ್ತದೆ, ‘ಅ’ ಬಹಳ ಕಡೆ ‘ಒ’ ಆಗುತ್ತದೆ. ವಿಚಾರ ಅವರಿಗೆ ಬಿಚಾರ್. ಉಕಿಲ್ ಅಂದರೆ ವಕೀಲ, ಶಾಕ್ಖಿ ಅಂದರೆ ಸಾಕ್ಷಿ, ಆದಾಲತ್ ಅಂದರೆ ಕೋರ್ಟು, ಖುನ್ ಅಂದರೆ ಕೊಲೆ, ಮಿಥ್ಯೆ ಅಂದರೆ ಸುಳ್ಳು. ಒಂದನ್ನು ಜಾಸ್ತಿ ಒತ್ತಿ ಹೇಳಿ: ಆಶಾಮಿ. ನಮಗೆ ಆಸಾಮಿ ಅಂದರೆ ಯಾರೋ ಒಬ್ಬ ಮನುಷ್ಯ. ಅವರ ಕೋರ್ಟಿನಲ್ಲಿ ಅದು ಆರೋಪಿ. ಇದು ಗೊತ್ತಾದ ಮೇಲೆ ನಮ್ಮ ಓರಗಿತ್ತಿ ಆ ಪದ ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತಳು.

ಕೋರ್ಟಿನ ಭಾಗ ಬರುವ ಮುಂಚೆ ಒಂದೇ ಒಂದು ಸಲ ನಿಲ್ಲಿಸಿ, ಕ್ರಮ ಹೇಳಿಕೊಡಿ. ಸಾಕ್ಷಿಯನ್ನು ಕರೆಸಿದವರ ವಕೀಲರು ಮೊದಲು ಮುಖ್ಯ ವಿಚಾರಣೆ ಮಾಡುತ್ತಾರೆ. ಅಲ್ಲಿ ಉತ್ತರವನ್ನು ಬಾಯಿಗೆ ಇಡುವ ಪ್ರಶ್ನೆ ಸಾಮಾನ್ಯವಾಗಿ ಕೇಳುವ ಹಾಗಿಲ್ಲ. ಆಮೇಲೆ ಎದುರಿನ ವಕೀಲರ ಪಾಟಿ ಸವಾಲು. ಅಲ್ಲಿ ಹಾಗೆ ಕೇಳಬಹುದು. ಸಾಕ್ಷಿ ಜಾರುವುದು ಹೆಚ್ಚಾಗಿ ಅಲ್ಲೇ.

ನಾನು ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಾಕ್ಷಿ ಹೇಳಿದ್ದನ್ನು ಜಡ್ಜ್ ಸಾಹೇಬರು ಹೇಳಿ ಬರೆಸುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಒಂದು ಸಲ ಒಬ್ಬರು ವಯಸ್ಸಾದವರು ಸಾಕ್ಷಿ ಕಟ್ಟೆಯಲ್ಲಿ ಅಡಿಕೆ ಹಾಳೆಯ ಟೊಪ್ಪಿ ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು. ಮುಖ್ಯ ವಿಚಾರಣೆಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಪಾಟಿ ಸವಾಲಿನಲ್ಲಿ ಒಂದು ಪ್ರಶ್ನೆಗೆ ಟೊಪ್ಪಿ ಗಕ್ಕನೆ ನಿಂತಿತು. ಬಾಯಲ್ಲಿ ಬಂದ ಉತ್ತರ ಮಾತ್ರ ನನ್ನ ಹಾಳೆಗೆ ಬಂತು, ಟೊಪ್ಪಿ ನಿಂತದ್ದು ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಸಿನಿಮಾದಲ್ಲಿ ಮಾತಾಡುವ ವಕೀಲರನ್ನು ಬಿಟ್ಟು ಕೇಳಿಸಿಕೊಳ್ಳುವವರ ಕೈ, ಕಣ್ಣು ನೋಡಿ ಅಂತ ನಿಮ್ಮವರಿಗೆ ಹೇಳಿ. ಭಾಷೆಯ ಹಂಗು ಅರ್ಧ ಕಳಚುತ್ತದೆ.

ಇದೇ ಕಥೆ 1958ರಲ್ಲಿ ಹಿಂದಿಯಲ್ಲಿ ‘ಕಾಲಾ ಪಾನಿ’ ಆಯಿತು, ದೇವ್ ಆನಂದ್ ಇದ್ದಾರೆ. ಅದನ್ನು ಬೇರೆ ದಿನ ನೋಡಿ. ಮೊದಲು ಇದು.

ಕೊನೆಗೆ ಛಬಿ ಬಿಸ್ವಾಸ್ ಕಳೆದುಹೋದ ಹನ್ನೆರಡು ವರ್ಷ ವಾಪಸ್ ಕೇಳುವ ಜಾಗ ಬರುತ್ತದೆ. ಬಂಗಾಳಿಗಳು ಇವತ್ತಿಗೂ ನೆನಪಿಟ್ಟುಕೊಂಡ ಮಾತು ಅದು. ಅಲ್ಲಿ ಅನುವಾದ ಮಾಡಬೇಡಿ. ‘ಬಾರೋ’ ಅಂದರೆ ಹನ್ನೆರಡು, ‘ಬೊಛೋರ್’ ಅಂದರೆ ವರ್ಷ ಅಂತ ಮೊದಲೇ ಹೇಳಿರಿ, ಆಮೇಲೆ ಸುಮ್ಮನಿರಿ. ಮುಗಿದ ತಕ್ಷಣ ದೀಪ ಹಾಕಬೇಡಿ. ನಾನು ಹಾಕಲಿಲ್ಲ. ಕತ್ತಲಲ್ಲಿ ಅತ್ತೆ ಹೇಳಿದರು: “ಕೆಳಗಿನ ತೋಟಕ್ಕೆ ಸಸಿ ಇಟ್ಟು ಹನ್ನೆರಡು ವರ್ಷ ಆಯ್ತು ಅಲ್ವನೇ? ಈಗ ಕೊನೆ ತೆಗೆಯೋಕೆ ದೋಟಿ ಬೇಕು.”