ಕಾಟಾ ಚೀಟಿಯ ಲೆಕ್ಕ ಮತ್ತು ಎರಡು ಕೊಪ್ಪಳ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಲೆಕ್ಕ ನೋಡುತ್ತೇನೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿ ಲೋಡಿಗೂ ಒಂದು ಕಾಟಾ ಚೀಟಿ, ಅಂದರೆ ತೂಕದ ಚೀಟಿ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ, ಚೀಲಗಳ ತೂಕ ಎರಡನ್ನೂ ಕಳೆದರೆ ಉಳಿಯುವುದೇ ಭತ್ತ. ಇದಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದಿದ್ದೆ. ಕಾರಟಗಿಯ ಫೈಲಿಗೊಂದು, ಕನಕಗಿರಿಯ ಫೈಲಿಗೊಂದು ಅಂತ ಅದನ್ನೇ ಕಾಪಿ ಮಾಡುತ್ತಾ ಒಂಬತ್ತು ಕಡೆ ಆಯಿತು.

ಆಮೇಲೆ ಗೋಣಿಚೀಲ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಚೀಲಕ್ಕೆ 1 ಕಿಲೋ ಬದಲು 200 ಗ್ರಾಂ ಕಳೆಯಬೇಕು. ಎಂಟು ಕಡೆ ತಿದ್ದಿದೆ, ಒಂದು ಉಳಿದುಬಿಟ್ಟಿತು. 200 ಚೀಲ ತಂದಿದ್ದ ರೈತರೊಬ್ಬರಿಗೆ 160 ಕಿಲೋ ಕಡಿಮೆ ಬಂತು. ಚೀಟಿ ಹಿಡಿದುಕೊಂಡೇ ಬಂದರು. “ತಮ್ಮಾ, ಒಂದೂವರೆ ಕ್ವಿಂಟಲ್ ಮ್ಯಾಗ ಎಲ್ಲಿ ಹೋತು?” ಅಂದರು. ಅವರ ಬೆವರಿನ ಭತ್ತ ಅದು. ಅವತ್ತು ರಾತ್ರಿಯೇ ಕೂತು ಆ ಒಂಬತ್ತನ್ನೂ ತೆಗೆದು ಒಂದು ಫಂಕ್ಷನ್ ಬರೆದೆ, ಅಂದರೆ ಒಂದೇ ಕಡೆ ಬರೆದಿಟ್ಟು ಬೇಕಾದಲ್ಲೆಲ್ಲ ಹೆಸರು ಹೇಳಿ ಕರೆಯುವ ಲೆಕ್ಕ.

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ‘ನಿವ್ವಳ_ತೂಕ’ ಅಂತ ಇಟ್ಟೆ. ತುಂಬಿದ ತೂಕ, ಖಾಲಿ ತೂಕ, ಚೀಲ ಎಷ್ಟು, ಒಂದು ಚೀಲದ ತೂಕ ಎಷ್ಟು, ಈ ನಾಲ್ಕನ್ನು ಕೊಟ್ಟರೆ ಕ್ವಿಂಟಲ್ ಲೆಕ್ಕ ರಿಟರ್ನ್ ಆಗುತ್ತದೆ. ಚೀಲದ ತೂಕಕ್ಕೆ ಡಿಫಾಲ್ಟ್ (ಏನೂ ಕೊಡದಿದ್ದಾಗ ತಾನೇ ಹಿಡಿಯುವ ಅಂಕಿ) ಬೇಕಂತಲೇ ಇಡಲಿಲ್ಲ. ಇಟ್ಟರೆ, ಕೊಡಲು ಮರೆತಾಗ ಹಳೆಯ ತೂಕವನ್ನೇ ಸುಮ್ನೆ ಕಳೆದುಬಿಡುತ್ತದೆ. ಇಲ್ಲದಿದ್ದರೆ ಎರರ್ ಬಂದು ನಿಲ್ಲುತ್ತದೆ, ಅದೇ ಒಳ್ಳೆಯದು ಅಲ್ವಾ? ಕೈಯಲ್ಲಿ ಲೆಕ್ಕ ಹಾಕಿದ್ದ ಹಳೆಯ ಮೂರು ಚೀಟಿ ಹಾಕಿ ತಾಳೆ ನೋಡಿದ ಮೇಲೇ ನಂಬಿದೆ.

ಜಾಸ್ತಿ ಹೊತ್ತು ತಿಂದದ್ದು ತಾಲ್ಲೂಕಿನ ಹೆಸರು. ತಾಲ್ಲೂಕುವಾರು ಒಟ್ಟು ಮೊತ್ತದಲ್ಲಿ ‘ಕೊಪ್ಪಳ’ ಎರಡು ಸಲ ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಚಿಹ್ನೆಗಳನ್ನು ಎಣಿಸುವ ಲೆನ್ ಹಾಕಿ ನೋಡಿದರೆ ಒಂದು 6, ಇನ್ನೊಂದು 7! ಕಂಪ್ಯೂಟರಿನಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಎರಡನ್ನೂ ಸೇರಿಸಿಯೂ ಬರೆಯಬಹುದು. ಕಂಪ್ಯೂಟರಿಗೆ ಅವು ಬೇರೆ ಬೇರೆ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ‘ಎನ್ಎಫ್‌ಸಿ’ ಅಂತ ಕೊಟ್ಟರೆ ಎರಡೂ ಒಂದಾಗುತ್ತವೆ. ಜೊತೆಗೆ ಹಿಂದೆ ಮುಂದೆ ಇರುವ ಖಾಲಿ ಜಾಗ ಸ್ಟ್ರಿಪ್ ಮಾಡಿದೆ. ಇದಕ್ಕೆ ‘ಹೆಸರು_ಹಸನು’ ಅಂತ ಇನ್ನೊಂದು ಫಂಕ್ಷನ್. ಕಾಳು ಹಸನು ಮಾಡಿದ ಹಾಗೆಯೇ ಅಲ್ವಾ ಇದು?

ಕೆಲವು ಚೀಟಿಯಲ್ಲಿ ಅಂಕಿಗಳೂ ಕನ್ನಡದಲ್ಲಿದ್ದವು. ಅದಕ್ಕೂ ಒಂದು ಫಂಕ್ಷನ್ ಬರೆಯಲು ಕೂತೆ. ಯಾಕೋ ಒಮ್ಮೆ, ಬರಹವನ್ನು ದಶಮಾಂಶ ಸಂಖ್ಯೆಯಾಗಿ ಮಾಡುವ ಫ್ಲೋಟ್‌ಗೆ ನೇರವಾಗಿ ‘೧೨.೫’ ಕೊಟ್ಟು ನೋಡಿದೆ. 12.5 ಬಂತು. ಪೈಥಾನ್‌ಗೆ ನಮ್ಮ ಅಂಕಿ ಮೊದಲೇ ಗೊತ್ತು! ಖುಷಿಯಿಂದ ಬರೆದಿದ್ದಷ್ಟನ್ನೂ ಅಳಿಸಿದೆ.