ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಸ್ಕ್ವಾಷ್ ಕ್ಲಬ್ ಸೇರುವುದು ಹೇಗೆ?

ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಬ್ರಿಟನ್ನಿಗೆ ಹೊರಡುವ ನಮ್ಮ ಮಕ್ಕಳ ಸೂಟ್‌ಕೇಸಿನಲ್ಲಿ ಕುಕ್ಕರ್ ಇರುತ್ತದೆ, ಸಾರಿನ ಪುಡಿ ಇರುತ್ತದೆ, ಆಟದ ಶೂ ಮಾತ್ರ ಇರುವುದಿಲ್ಲ. ಅಲ್ಲಿಗೆ ಹೋದಮೇಲೆ ‘ಸ್ಕ್ವಾಷ್ ಕ್ಲಬ್ ಅಂದರೆ ಚಿಕ್ಕಂದಿನಿಂದ ಆಡಿದವರಿಗೆ’ ಎಂದುಕೊಂಡು ಹೊರಗೇ ಉಳಿದವರನ್ನು ಬಹಳ ನೋಡಿದ್ದೇನೆ. ಉತ್ಸಾಹದಿಂದ ದುಡ್ಡು ಕಟ್ಟಿ, ಮೊದಲ ದಿನವೇ ಜೊತೆ ಆಟಗಾರನ ಬೆನ್ನಿಗೆ ಚೆಂಡು ಹೊಡೆದು, ಮುಜುಗರಪಟ್ಟು ಮತ್ತೆ ಆ ಕಡೆ ತಲೆ ಹಾಕದವರನ್ನೂ ನೋಡಿದ್ದೇನೆ. ಎರಡನ್ನೂ ತಪ್ಪಿಸಬಹುದು. ನಾಲ್ಕು ಗೋಡೆಯ ಕೋಣೆಯಲ್ಲಿ ಇಬ್ಬರು ಸರದಿಯಂತೆ ಗೋಡೆಗೆ ಚೆಂಡು ಹೊಡೆಯುವ ಈ ಆಟ ಹುಟ್ಟಿದ್ದೇ 19ನೇ ಶತಮಾನದ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳ ಕ್ಲಬ್‌ಗಳು ರ‍್ಯಾಕೆಟ್ ಹಿಡಿದೇ ಇಲ್ಲದವರನ್ನೂ ಕರೆದು ಕಲಿಸುತ್ತವೆ.

1. ಊರು ಬಿಡುವ ಮುಂಚೆ

ಶಟಲ್ ಆಡುವ ನಾನ್-ಮಾರ್ಕಿಂಗ್ ಶೂ ಒಂದು ಜೊತೆ ಇಲ್ಲೇ ಕೊಳ್ಳಿ. ಸ್ಕ್ವಾಷ್‌ಗೆ ಅದೇ ಸಾಕು. ಓಡುವ ಶೂ ಬೇಡವೇ ಬೇಡ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಜಿಗಿದರೆ ಕಾಲು ಉಳುಕುತ್ತದೆ. ಅಡಿ ಕಪ್ಪಗಿದ್ದು ಮರದ ನೆಲದ ಮೇಲೆ ಗೀರು ಮೂಡಿಸಿದರೆ ಕೋರ್ಟಿನಿಂದ ಹೊರಗೆ ಕಳಿಸುತ್ತಾರೆ. ರ‍್ಯಾಕೆಟ್ ಕೊಳ್ಳಬೇಡಿ, ಕ್ಲಬ್ಬಿನವರೇ ಕೊಡುತ್ತಾರೆ.

2. ಫ್ರೆಶರ್ಸ್ ವೀಕ್

ಮೊದಲ ವಾರದ ಮೇಳದಲ್ಲಿ ಸ್ಕ್ವಾಷ್ ಕ್ಲಬ್ಬಿನ ಮೇಜು ಹುಡುಕಿ, ಹೆಸರು, ಇ-ಮೇಲ್ ಬರೆದುಕೊಡಿ. ಅದು ವಿಚಾರಿಸಿದ ಲೆಕ್ಕ ಅಷ್ಟೇ, ಸದಸ್ಯತ್ವವಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಲು ಅಲ್ಲೇ ಕೇಳಿ. ಸೆಷನ್ ರದ್ದಾದ ಸುದ್ದಿ ಮೊದಲು ಬರುವುದು ಅದರಲ್ಲೇ.

3. ದುಡ್ಡು

ಇಲ್ಲಿ ಗೊಂದಲ ಜಾಸ್ತಿ. ಅನೇಕ ಕಡೆ ಎರಡು ಸಲ ಕಟ್ಟಬೇಕು: ಕ್ರೀಡಾ ಕೇಂದ್ರದ ಪಾಸ್ ಬೇರೆ, ಸ್ಟೂಡೆಂಟ್ಸ್ ಯೂನಿಯನ್ ಮೂಲಕ ಕಟ್ಟುವ ಕ್ಲಬ್ ಶುಲ್ಕ ಬೇರೆ. ಒಂದನ್ನು ಕಟ್ಟಿ ಎಲ್ಲ ಮುಗಿಯಿತು ಎಂದುಕೊಂಡವರು ಬಾಗಿಲಲ್ಲಿ ಕಾರ್ಡ್ ಉಜ್ಜಿ ನಿಂತಿರುತ್ತಾರೆ, ಗೇಟು ತೆರೆಯುವುದಿಲ್ಲ. ಕಟ್ಟುವ ಮೊದಲು ಖಜಾಂಚಿಯನ್ನು ಕೇಳಿ: ಬಿಡುವಿನಲ್ಲಿ ಕೋರ್ಟ್ ಬುಕ್ ಮಾಡಲು ಬೇರೆ ದುಡ್ಡು ಕೊಡಬೇಕೆ? ಕೋಚಿಂಗ್ ಇದರಲ್ಲೇ ಬರುತ್ತದೆಯೆ? ಪಂದ್ಯಗಳ ಪ್ರಯಾಣದ ಖರ್ಚು ಯಾರದು? ಹೊಸಬರು ಆಡಿ ನೋಡಲೆಂದೇ ಇಡುವ ಟೇಸ್ಟರ್ ಸೆಷನ್‌ಗೆ ಹೋಗಿ ಬರುವ ತನಕ ಒಂದು ಪೌಂಡನ್ನೂ ಕಟ್ಟಬೇಡಿ.

4. ಟೇಸ್ಟರ್ ಸೆಷನ್: ಎಡವುವುದು ಇಲ್ಲೇ

ಕಾಲು ಗಂಟೆ ಮುಂಚೆ ಹೋಗಿ. ಒಳಗೆ ಆಟ ನಡೆಯುತ್ತಿದ್ದರೆ ಕೋರ್ಟಿನ ಬಾಗಿಲು ತಳ್ಳಬೇಡಿ, ರ‍್ಯಾಲಿ ಮುಗಿದ ಮೇಲೆ ತಟ್ಟಿ.

ಮೊದಲ ಆಶ್ಚರ್ಯ ಚೆಂಡಿನದು. ನೆಲಕ್ಕೆ ಹಾಕಿದರೆ ಪುಟಿಯದೆ ಸುಮ್ಮನೆ ಬಿದ್ದಿರುತ್ತದೆ. ಅದು ಒಳಗೆ ಟೊಳ್ಳಾದ ರಬ್ಬರ್, ಬಿಸಿಯಾದಷ್ಟೂ ಪುಟಿತ ಹೆಚ್ಚು. ಅದಕ್ಕೇ ಆಟಕ್ಕೆ ಮುಂಚೆ ಇಬ್ಬರೂ ನಾಲ್ಕೈದು ನಿಮಿಷ ಗೋಡೆಗೆ ಹೊಡೆದು ಅದನ್ನು ಕಾಯಿಸುತ್ತಾರೆ, ನಡುವೆ ಪಕ್ಕ ಬದಲಿಸುತ್ತಾರೆ. ಎರಡು ಹಳದಿ ಚುಕ್ಕಿಯ ಚೆಂಡು ಪಂದ್ಯದ್ದು, ಎಲ್ಲಕ್ಕಿಂತ ಮಂದ. ಅಕ್ಟೋಬರ್ ಚಳಿಗೆ ತಣ್ಣಗಾದ ಕೋರ್ಟಿನಲ್ಲಿ ಹೊಸಬರ ಏಟಿಗೆ ಅದು ಬಿಸಿಯಾಗುವುದೇ ಇಲ್ಲ. ನಾಚಿಕೆಪಡದೆ ನೀಲಿ ಅಥವಾ ಕೆಂಪು ಚುಕ್ಕಿಯದನ್ನು ಕೇಳಿ. ‘ಇದೇ ನಿಜವಾದ ಚೆಂಡು’ ಎಂದು ಯಾರಾದರೂ ಎರಡು ಹಳದಿ ಚುಕ್ಕಿಯದನ್ನೇ ಕೈಗಿತ್ತರೆ ಒಪ್ಪಬೇಡಿ. ಆ ಚೆಂಡಿನಿಂದಲೇ ಎಷ್ಟೋ ಜನ ‘ನನಗೆ ಈ ಆಟ ಬರಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ.

ಇನ್ನು ಅಪಾಯದ ಮಾತು. ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ಶಟಲ್‌ನಲ್ಲಿ ನಡುವೆ ನೆಟ್ ಇರುತ್ತದೆ. ಇಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಗೋಡೆಯ ಕಡೆಗೆ ಹೊಡೆಯುತ್ತ ಓಡುತ್ತಿರುತ್ತೀರಿ. ಹಾಗಾಗಿ ಒಂದು ಅಭ್ಯಾಸ ಮೊದಲ ದಿನವೇ ಕೈಗೆ ಹತ್ತಬೇಕು: ನಿಮ್ಮ ಚೆಂಡಿನ ದಾರಿಯಲ್ಲೋ ರ‍್ಯಾಕೆಟ್ ಬೀಸುವ ಜಾಗದಲ್ಲೋ ಎದುರಾಳಿ ಕಂಡರೆ ಕೈ ತಡೆದು ‘ಲೆಟ್ ಪ್ಲೀಸ್’ ಎನ್ನಿ. ಆ ಪಾಯಿಂಟ್ ಮತ್ತೆ ಆಡುತ್ತೀರಿ. ಮುಂಗೋಡೆಗೆ ನೇರ ಹೋಗುತ್ತಿದ್ದ ಚೆಂಡಿಗೆ ಅವರು ಅಡ್ಡ ನಿಂತಿದ್ದರೆ ಸಾಮಾನ್ಯವಾಗಿ ಪಾಯಿಂಟ್ ನಿಮ್ಮದೇ, ಅದಕ್ಕೆ ‘ಸ್ಟ್ರೋಕ್’ ಎನ್ನುತ್ತಾರೆ. ಲೆಟ್ ಕೇಳುವುದು ದೂರು ಹೇಳಿದಂತೆ ಎಂದು ಸಂಕೋಚಪಡುವ ನಮ್ಮವರು ಹೊಡೆದೇ ಬಿಡುತ್ತಾರೆ. ಅಲ್ಲಿ ಹೊಡೆಯದೆ ನಿಲ್ಲಿಸಿದವರಿಗೇ ಗೌರವ.

ಹೊಡೆದ ಮೇಲೆ ನಡುವಿನ ಕೆಂಪು ಗೆರೆಗಳು ಸೇರುವ ಜಾಗಕ್ಕೆ, ಅಂದರೆ ‘ಟಿ’ಗೆ, ಮರಳಬೇಕು. ಎದುರಾಳಿಗೆ ದಾರಿ ಬಿಟ್ಟು, ಬಳಸಿಕೊಂಡು ಬನ್ನಿ. ಹಿಂದೆ ನೋಡದೆ ಹಿಮ್ಮುಖವಾಗಿ ಓಡಬೇಡಿ. ಶಟಲ್ ಆಡಿದವರಿಗೆ ಮಣಿಕಟ್ಟು ಚುರುಕಾಗಿರುತ್ತದೆ, ಅದು ಲಾಭ. ತಲೆಯ ಮೇಲಿಂದ ಸ್ಮ್ಯಾಷ್ ಮಾಡುವ ಚಟ ನಷ್ಟ. ಮೊಣಕಾಲು ಬಗ್ಗಿಸಿ, ಚೆಂಡನ್ನು ತಗ್ಗಿನಲ್ಲಿ ಹೊಡೆಯಿರಿ. ಬೀಸು ಚಿಕ್ಕದಿರಲಿ.

ಕಣ್ಣಿನ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಚೆಂಡಿನ ವ್ಯಾಸ ಸುಮಾರು 40 ಮಿಲಿಮೀಟರ್, ಕಣ್ಣಿನ ಗೂಡಿಗೆ ಸರಿಯಾಗಿ ನುಗ್ಗುವ ಅಳತೆ. ದಿನನಿತ್ಯದ ಕನ್ನಡಕ ರಕ್ಷಣೆಯಲ್ಲ, ಒಡೆದರೆ ಅದೇ ಅಪಾಯ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸಿರುವ ಸ್ಕ್ವಾಷ್ ಗಾಗಲ್ಸ್ ಕೊಳ್ಳಿ. ರ‍್ಯಾಕೆಟ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಎರಡು ರ‍್ಯಾಕೆಟ್, ಒಂದು ಚೆಂಡು ಸೇರಿಸಿ ಅಗ್ಗಕ್ಕೆ ಮಾರುವ ಅಲ್ಯೂಮಿನಿಯಂ ಸೆಟ್ ಮಾತ್ರ ಬೇಡ. ಭಾರಕ್ಕೆ ಮಣಿಕಟ್ಟು ನೋಯುತ್ತದೆ. ಎರಡನೇ ವರ್ಷದವರು ಮಾರುವ ಹಳೆಯ ಗ್ರಾಫೈಟ್ ರ‍್ಯಾಕೆಟ್ಟೇ ಎಷ್ಟೋ ವಾಸಿ.

5. ಟ್ರಯಲ್ಸ್

ಇದು ತಂಡದ ಆಯ್ಕೆಗೆ ಮಾತ್ರ. ಇಲ್ಲಿ ಆಯ್ಕೆಯಾಗದಿದ್ದರೂ ಕ್ಲಬ್ಬಿನಲ್ಲಿ ಇರಬಹುದು. ತಂಡ ಸೇರಿದರೆ ಬಕ್ಸ್, ಅಂದರೆ ಬ್ರಿಟನ್ನಿನ ವಿಶ್ವವಿದ್ಯಾಲಯ ಕ್ರೀಡಾ ಸಂಸ್ಥೆ ನಡೆಸುವ ಲೀಗ್‌ನಲ್ಲಿ ಆಡುತ್ತೀರಿ. ಪಂದ್ಯಗಳು ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನ. ಆ ಹೊತ್ತಿಗೆ ನಿಮ್ಮ ಲ್ಯಾಬ್ ಇದೆಯೇ ಎಂದು ಮೊದಲೇ ನೋಡಿಕೊಂಡು ಕ್ಯಾಪ್ಟನ್‌ಗೆ ತಿಳಿಸಿ. ಹೆಣ್ಣುಮಕ್ಕಳು ಖಂಡಿತ ಹೆಸರು ಕೊಡಿ. ಮಹಿಳಾ ತಂಡಕ್ಕೆ ಆಟಗಾರ್ತಿಯರು ಸಾಲದೆ ಹುಡುಕುವ ಕ್ಲಬ್‌ಗಳಿವೆ. ಕೊಡವ ಮೂಲದ ಜೋಷ್ನಾ ಚಿನ್ನಪ್ಪ, ದೀಪಿಕಾ ಪಳ್ಳಿಕ್ಕಲ್ ಜೊತೆ ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದದ್ದು 2014ರಲ್ಲಿ, ಬ್ರಿಟನ್ನಿನದೇ ಗ್ಲಾಸ್ಗೋ ನಗರದಲ್ಲಿ.

6. ಬಾಕ್ಸ್ ಲೀಗ್

ಶುಲ್ಕ ಕಟ್ಟಿದ ವಾರವೇ ಇದಕ್ಕೆ ಹೆಸರು ಬರೆಸಿ. ಸರಿಸುಮಾರು ಒಂದೇ ಮಟ್ಟದ ನಾಲ್ಕೈದು ಜನರ ಗುಂಪು ಒಂದು ‘ಬಾಕ್ಸ್’. ಗೊತ್ತುಮಾಡಿದ ಅವಧಿಯೊಳಗೆ ಎಲ್ಲರೂ ಎಲ್ಲರ ಜೊತೆ ಆಡಬೇಕು. ಗೆದ್ದವರು ಮೇಲಿನ ಬಾಕ್ಸ್‌ಗೆ, ಸೋತವರು ಕೆಳಗಿನದಕ್ಕೆ. ಗೇಮ್ 11 ಪಾಯಿಂಟ್‌ಗೆ, ಪಂದ್ಯ ಹೆಚ್ಚೆಂದರೆ ಐದು ಗೇಮ್‌ಗಳದು. ಕ್ಲಬ್ಬಿನೊಳಗೆ ಗೆಳೆಯರಾಗುವುದು ಈ ದಾರಿಯಲ್ಲೇ, ಏಕೆಂದರೆ ಪ್ರತಿ ಪಂದ್ಯಕ್ಕೂ ನೀವೇ ಒಬ್ಬರಿಗೆ ಮೆಸೇಜ್ ಮಾಡಿ, ಸಮಯ ಹೊಂದಿಸಿ, ಕೋರ್ಟ್ ಬುಕ್ ಮಾಡಬೇಕು. ಅವರು ಕರೆಯಲಿ ಎಂದು ಕಾಯಬೇಡಿ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ; ಹೇಳದೆ ತಪ್ಪಿಸಿಕೊಂಡವರ ಜೊತೆ ಇನ್ನೊಮ್ಮೆ ಆಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಆಟ ಮುಗಿದ ಮೇಲೆ ಪಬ್ಬಿಗೆ ಕರೆಯುತ್ತಾರೆ. ಕುಡಿಯದಿದ್ದರೂ ಹೋಗಿ, ಒಂದು ಲೆಮನೇಡ್ ಹಿಡಿದು ಕೂತರೆ ಸಾಕು. ಮುಂದಿನ ವಾರ ಯಾರ ಕಾರಿನಲ್ಲಿ ಯಾರು ಪಂದ್ಯಕ್ಕೆ ಹೋಗುತ್ತಾರೆ, ಯಾವ ತಂಡದಲ್ಲಿ ಒಬ್ಬರು ಕಡಿಮೆ ಇದ್ದಾರೆ ಎಂಬುದೆಲ್ಲ ಮಾತಿಗೆ ಬರುವುದು ಆ ಮೇಜಿನ ಸುತ್ತಲೇ.

ಸ್ನಾತಕೋತ್ತರ ಕೋರ್ಸ್ ಬಹುಪಾಲು ಒಂದೇ ವರ್ಷದ್ದು. ಈ ಆರು ಹಂತಗಳನ್ನೂ ಅಕ್ಟೋಬರ್ ಮುಗಿಯುವುದರೊಳಗೆ ದಾಟಿಬಿಡಿ. ಜನವರಿಗೆ ನೋಡೋಣ ಎಂದರೆ ಅಷ್ಟರಲ್ಲಿ ಹೊಸಬರ ಕೋಚಿಂಗ್ ಅರ್ಧ ಮುಗಿದಿರುತ್ತದೆ.